ಪಂಪಿನೊಳಗೆ ಹೋಗುವುದೇನು?

ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕರೊಬ್ಬರಿಗೆ ಮೊದಲ ಅನುದಾನ ಮಂಜೂರಾದಾಗ ಉಪಕರಣಗಳ ಪಟ್ಟಿ ತಯಾರಾಗುತ್ತದೆ. ರೋಟರಿ ಇವ್ಯಾಪೊರೇಟರು, ವ್ಯಾಕ್ಯೂಮ್ ಓವನ್ನು, ಫ್ರೀಜ್ ಡ್ರೈಯರು, ತೂಕದ ಬ್ಯಾಲೆನ್ಸು ಎಲ್ಲದಕ್ಕೂ ಕಂಪನಿ, ಮಾದರಿ, ಬೆಲೆ ವಿಚಾರಿಸಿ ಬರೆದಿರುತ್ತಾರೆ. ಪಟ್ಟಿಯ ಕೊನೆಯಲ್ಲಿ ‘ವ್ಯಾಕ್ಯೂಮ್ ಪಂಪ್, 2’ ಎಂದಷ್ಟೇ ಇರುತ್ತದೆ. ಮುಂದಿನ ಹಲವು ವರ್ಷ ಆ ಪ್ರಯೋಗಾಲಯದ ನಿತ್ಯದ ಕೆಲಸ ಸುಗಮವಾಗಿ ಸಾಗುವುದು ಅಥವಾ ವಾರಕ್ಕೊಮ್ಮೆ ನಿಂತುಹೋಗುವುದು ಬಹುಮಟ್ಟಿಗೆ ಆ ಕೊನೆಯ ಸಾಲಿನ ಮೇಲೆ ನಿಂತಿದೆ. ಅದಕ್ಕೆ ತಕ್ಕ ಯೋಚನೆ ಸಿಗುವುದಿಲ್ಲ ಎಂಬುದೇ ಈ ಲೇಖನ ಬರೆಯಲು ಕಾರಣ.

ಪಂಪು ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಅದು ಎಷ್ಟು ಕಡಿಮೆ ಒತ್ತಡಕ್ಕೆ ಇಳಿಯಬಲ್ಲದು ಎಂಬ ಅಂಕಿಯನ್ನು. ಕಡಿಮೆ ಇದ್ದಷ್ಟೂ ಒಳ್ಳೆಯದು, ಹೆಚ್ಚು ಶಕ್ತಿಯ ಪಂಪು ಇದ್ದರೆ ಎಲ್ಲ ಕೆಲಸಕ್ಕೂ ಆಗುತ್ತದೆ ಎಂಬುದು ಅವರ ಲೆಕ್ಕ. ಹಾಗಾಗಿ ಡಬಲ್ ಸ್ಟೇಜ್ ಆಯಿಲ್ ರೋಟರಿ ಪಂಪು ಬರುತ್ತದೆ, ಅದನ್ನೇ ಎಲ್ಲ ಉಪಕರಣಕ್ಕೂ ಜೋಡಿಸುತ್ತಾರೆ. ನನ್ನ ಪ್ರಕಾರ ಆ ಅಂಕಿ ಮೂರನೆಯದಾಗಿ ನೋಡಬೇಕಾದದ್ದು. ಮೊದಲ ಪ್ರಶ್ನೆ, ಈ ಪಂಪಿನೊಳಗೆ ಹೋಗುವುದೇನು? ಒಣ ಗಾಳಿಯೇ, ನೀರಾವಿಯೇ, ದ್ರಾವಕದ ಆವಿಯೇ, ಆಮ್ಲವೇ? ಎರಡನೆಯದು, ನಡೆಯಬೇಕಾದ ಕೆಲಸಕ್ಕೆ ನಿಜವಾಗಿ ಎಷ್ಟು ಒತ್ತಡ ಬೇಕು? ಈ ಎರಡಕ್ಕೆ ಉತ್ತರ ಸಿಕ್ಕಮೇಲೆ ಕ್ಯಾಟಲಾಗು ತೆರೆದರೆ ಆಯ್ಕೆ ತಾನಾಗಿಯೇ ಎರಡು ಮೂರಕ್ಕೆ ಇಳಿಯುತ್ತದೆ.

ಅದಕ್ಕೂ ಮುಂಚೆ ಅಳತೆಯ ವಿಷಯ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 1013 ಮಿಲಿಬಾರ್, ಅಂದರೆ 760 ಮಿಲಿಮೀಟರ್ ಪಾದರಸ. ಕ್ಯಾಟಲಾಗುಗಳಲ್ಲಿ ಮಿಲಿಬಾರ್, ಟಾರ್, ಪ್ಯಾಸ್ಕಲ್, ಮೈಕ್ರಾನ್ ಎಲ್ಲವೂ ಬರುತ್ತವೆ. ಒಂದು ಟಾರ್ ಎಂದರೆ 1.33 ಮಿಲಿಬಾರ್, ಒಂದು ಮಿಲಿಬಾರ್ ಎಂದರೆ 100 ಪ್ಯಾಸ್ಕಲ್, ಸಾವಿರ ಮೈಕ್ರಾನ್ ಸೇರಿದರೆ ಒಂದು ಟಾರ್. ಇವೆಲ್ಲ ಪೂರ್ಣ ಶೂನ್ಯದಿಂದ ಮೇಲಕ್ಕೆ ಎಣಿಸುವ ಅಳತೆಗಳು. ಕಡಿಮೆ ಬೆಲೆಯ ಪಂಪುಗಳ ಮೇಲಿರುವ ಡಯಲ್ ಗೇಜ್ ಮಾತ್ರ ಇನ್ನೊಂದು ತುದಿಯಿಂದ ಎಣಿಸುತ್ತದೆ. ಹೊರಗಿನ ಗಾಳಿಗಿಂತ ಎಷ್ಟು ಕೆಳಗೆ ಇಳಿದಿದ್ದೇವೆ ಎಂಬುದನ್ನು ಅದು ತೋರಿಸುತ್ತದೆ. ಬೆಂಗಳೂರಿನಲ್ಲಿ ಇದು ದೊಡ್ಡ ಗೊಂದಲಕ್ಕೆ ಕಾರಣವಾಗುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ವಾತಾವರಣದ ಒತ್ತಡವೇ ಸುಮಾರು 910 ಮಿಲಿಬಾರ್, ಪಾದರಸದ ಲೆಕ್ಕದಲ್ಲಿ 680ರ ಆಸುಪಾಸು. ಡಯಲಿನ ಮೇಲೆ 760ರವರೆಗೆ ಗುರುತು ಇರುತ್ತದೆ, ಮುಳ್ಳು 680ಕ್ಕೆ ನಿಂತುಬಿಡುತ್ತದೆ. ‘ಸರ್, ಪಂಪ್ ಪೂರ್ತಿ ಎಳೀತಾ ಇಲ್ಲ’ ಎಂದು ವಿದ್ಯಾರ್ಥಿ ಬಂದು ಹೇಳುತ್ತಾನೆ. ಪಂಪಿನದೇನೂ ತಪ್ಪಿಲ್ಲ, ಎಳೆಯಲು ಅಲ್ಲಿ ಇನ್ನು ಗಾಳಿಯೇ ಉಳಿದಿಲ್ಲ. ಅದೇ ಪಂಪನ್ನು ಮಂಗಳೂರಿಗೆ ಒಯ್ದರೆ ಮುಳ್ಳು 750 ದಾಟುತ್ತದೆ. ‘29 ಇಂಚು ವ್ಯಾಕ್ಯೂಮ್’ ಎಂದು ಬರೆದ ಪಂಪು ಬೆಂಗಳೂರಿನಲ್ಲಿ 27 ಇಂಚಿನ ಮೇಲೆ ಹೋಗಲಾರದು. ಟೆಂಡರಿನಲ್ಲಿ ಹೀಗೆ ಇಂಚಿನ ಲೆಕ್ಕ ಬರೆದರೆ ಅದನ್ನು ಪರೀಕ್ಷಿಸಿ ಒಪ್ಪಿಕೊಳ್ಳುವುದೂ ತಿರಸ್ಕರಿಸುವುದೂ ಎರಡೂ ಸಾಧ್ಯವಾಗುವುದಿಲ್ಲ. ಶೂನ್ಯದಿಂದ ಎಣಿಸಿದ ಮಿಲಿಬಾರ್‌ನಲ್ಲೇ ಬರೆಯಬೇಕು.

ಈಗ ಕೆಲಸಕ್ಕೆ ಬರೋಣ. ಬುಕ್ನರ್ ಫನಲ್‌ನಲ್ಲಿ ಸೋಸುವುದಕ್ಕೆ, ಟಿಶ್ಯೂ ಕಲ್ಚರ್ ಕೋಣೆಯಲ್ಲಿ ಹಳೆಯ ಮೀಡಿಯಾ ಎಳೆದು ಹಾಕುವುದಕ್ಕೆ 100 ಮಿಲಿಬಾರ್ ಧಾರಾಳ. ಒಂದೇ ಹಂತದ ಸಣ್ಣ ಡಯಾಫ್ರಮ್ ಪಂಪು ಇದಕ್ಕೆ ಸಾಕು. ಟಿಶ್ಯೂ ಕಲ್ಚರ್ ಆದರೆ ನಡುವೆ ಸೋಂಕುನಾಶಕ ಹಾಕಿದ ಬಾಟಲಿ ಮತ್ತು 0.2 ಮೈಕ್ರೊಮೀಟರ್ ರಂಧ್ರದ, ನೀರು ಹಿಡಿಯದ ಫಿಲ್ಟರ್ ಇರಲೇಬೇಕು. ಈ ಕೆಲಸಗಳಿಗೆ ಹಿಂದೆ ಎಲ್ಲೆಡೆ ಇದ್ದದ್ದು ನಲ್ಲಿಗೆ ಸಿಕ್ಕಿಸುವ ವಾಟರ್ ಆಸ್ಪಿರೇಟರ್. ಚಲಿಸುವ ಭಾಗವೇ ಇಲ್ಲದ, ಆಮ್ಲಕ್ಕೂ ಜಗ್ಗದ ಒಳ್ಳೆಯ ಸಾಧನ ಅದು. ಆದರೆ ಅದು ನೀರಿನ ಆವಿಯ ಒತ್ತಡಕ್ಕಿಂತ ಕೆಳಗೆ ಹೋಗಲಾರದು: 25 ಡಿಗ್ರಿಯಲ್ಲಿ 32 ಮಿಲಿಬಾರ್, ಬೇಸಿಗೆಯಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು 30 ಡಿಗ್ರಿ ಆದಾಗ 42. ಅದಕ್ಕಿಂತ ದೊಡ್ಡ ತೊಂದರೆ, ನಿಮಿಷಕ್ಕೆ ಹಲವು ಲೀಟರ್ ನೀರು, ಅದರ ಜೊತೆಗೆ ಎಳೆದ ದ್ರಾವಕವೂ ಸೇರಿ, ನೇರ ಚರಂಡಿಗೆ ಹೋಗುತ್ತದೆ. ನೀರಿಗೆ ಟ್ಯಾಂಕರ್ ಕಾಯುವ ನಮ್ಮ ಊರುಗಳಲ್ಲಿ ಇದನ್ನು ಮುಂದುವರಿಸಲು ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಅದೇ ನೀರನ್ನು ತೊಟ್ಟಿಯಲ್ಲಿ ಸುತ್ತಿಸುವ ಪಂಪುಗಳು ನೀರು ಉಳಿಸುತ್ತವೆ; ಆದರೆ ದ್ರಾವಕವೆಲ್ಲ ತೊಟ್ಟಿಯಲ್ಲೇ ಉಳಿದು ಕೋಣೆ ತುಂಬ ವಾಸನೆ ಹರಡುತ್ತದೆ.

ರಸಾಯನ ಪ್ರಯೋಗಾಲಯದಲ್ಲಿ ಅತಿ ಹೆಚ್ಚು ಹೊತ್ತು ಓಡುವ ಪಂಪು ರೋಟಾವ್ಯಾಪಿನದು, ಅಂದರೆ ರೋಟರಿ ಇವ್ಯಾಪೊರೇಟರಿನದು. ಅತಿ ಹೆಚ್ಚು ತಪ್ಪು ಆಯ್ಕೆ ಆಗುವುದೂ ಅಲ್ಲೇ. ರೋಟಾವ್ಯಾಪಿನ ಕೆಲಸ ದ್ರಾವಕವನ್ನು 40 ಡಿಗ್ರಿ ಸುಮಾರಿನಲ್ಲಿ ಕುದಿಸಿ, ಕಂಡೆನ್ಸರಿನಲ್ಲಿ ಮತ್ತೆ ದ್ರವವಾಗಿ ಹಿಡಿಯುವುದು. ವಾಟರ್ ಬಾತ್ 60, ಆವಿ 40, ಕಂಡೆನ್ಸರಿನ ನೀರು 20 ಎಂಬ ಲೆಕ್ಕ ಎಲ್ಲ ಕೈಪಿಡಿಗಳಲ್ಲೂ ಇದೆ. ದ್ರಾವಕ 40 ಡಿಗ್ರಿಯಲ್ಲಿ ಕುದಿಯಬೇಕಾದರೆ ಅಸಿಟೋನಿಗೆ ಸುಮಾರು 556 ಮಿಲಿಬಾರ್, ಮೆಥನಾಲಿಗೆ 337, ಈಥೈಲ್ ಅಸಿಟೇಟಿಗೆ 240, ಎಥನಾಲಿಗೆ 175, ಟಾಲೂಯೀನಿಗೆ 77, ನೀರಿಗೆ 72. ಈ ಅಂಕಿಗಳನ್ನು ಗಮನಿಸಿ. ದಿನನಿತ್ಯ ಬಳಸುವ ಈ ಯಾವ ದ್ರಾವಕಕ್ಕೂ 50 ಮಿಲಿಬಾರ್‌ಗಿಂತ ಕೆಳಗೆ ಹೋಗುವ ಅಗತ್ಯವೇ ಇಲ್ಲ. ಅಲ್ಲಿಗೆ 0.002 ಮಿಲಿಬಾರ್‌ಗೆ ಇಳಿಯುವ ರೋಟರಿ ಪಂಪು ಜೋಡಿಸಿದರೆ ಏನಾಗುತ್ತದೆ ಎಂದು ಈಥೈಲ್ ಅಸಿಟೇಟಿನಲ್ಲೇ ನೋಡೋಣ. 20 ಡಿಗ್ರಿಯಲ್ಲಿ ಅದರ ಆವಿಯ ಒತ್ತಡ ಸುಮಾರು 97 ಮಿಲಿಬಾರ್. ಫ್ಲಾಸ್ಕಿನ ಒತ್ತಡ ಅದಕ್ಕಿಂತ ಕೆಳಗಿಳಿದ ಗಳಿಗೆಯಿಂದ 20 ಡಿಗ್ರಿಯ ಕಂಡೆನ್ಸರಿನಲ್ಲಿ ಒಂದು ಹನಿಯೂ ನಿಲ್ಲುವುದಿಲ್ಲ. ಫ್ಲಾಸ್ಕಿನಲ್ಲಿ ದ್ರಾವಣ ಉಕ್ಕಿ ಮೇಲೇರುತ್ತದೆ, ಆವಿಯೆಲ್ಲ ಕಂಡೆನ್ಸರು ದಾಟಿ ಪಂಪಿಗೆ ನುಗ್ಗಿ ಆಯಿಲ್‌ನಲ್ಲಿ ಕರಗುತ್ತದೆ. ತೆಳುವಾದ ಆಯಿಲ್ ಸೀಲು ಮಾಡಲಾರದು, ಜಾರಿಸಲೂ ಆರದು. ಕೆಲವೇ ವಾರಗಳಲ್ಲಿ ಅತ್ಯುತ್ತಮ ಪಂಪು ಸಾಧಾರಣ ಪಂಪಿಗಿಂತ ಕೆಳಗಿಳಿಯುತ್ತದೆ.

ಇಲ್ಲಿ ಬೇಕಾದದ್ದು ರಾಸಾಯನಿಕಗಳನ್ನು ತಡೆದುಕೊಳ್ಳುವ ಡಯಾಫ್ರಮ್ ಪಂಪು. ಅದರೊಳಗೆ ಆಯಿಲ್ ಇಲ್ಲ. ಟೆಫ್ಲಾನ್ ಹೊದಿಸಿದ ರಬ್ಬರಿನ ಪೊರೆಯೊಂದು ಮೇಲೆ ಕೆಳಗೆ ಆಡುತ್ತ ಅನಿಲವನ್ನು ಎಳೆದು ತಳ್ಳುತ್ತದೆ. ಕವಾಟ, ಮುಚ್ಚಳ, ಕೊಳವೆಗಳೂ ಟೆಫ್ಲಾನಿನವೇ ಅಥವಾ ಅಂಥದೇ ಪ್ಲಾಸ್ಟಿಕ್ಕಿನವು. ಎರಡು ಹಂತದ್ದು ಸುಮಾರು 10 ಮಿಲಿಬಾರ್‌ವರೆಗೆ, ಮೂರು ಹಂತದ್ದು 2ರವರೆಗೆ, ನಾಲ್ಕು ಹಂತದ್ದು 1 ಮಿಲಿಬಾರ್‌ಗಿಂತಲೂ ಕೆಳಗೆ ಇಳಿಯುತ್ತವೆ. ರೋಟಾವ್ಯಾಪಿಗೆ ಎರಡು ಹಂತ ಸಾಕು. ಡಿಎಂಎಫ್‌ನಂಥ ಹೆಚ್ಚು ಕುದಿಬಿಂದುವಿನ ದ್ರಾವಕವನ್ನು ಆಗಾಗ ತೆಗೆಯುವವರು ಮೂರು ಹಂತದ್ದಕ್ಕೆ ಹೋಗಬಹುದು. ಬೆಲೆ ರೋಟರಿ ಪಂಪಿಗಿಂತ ಹೆಚ್ಚು ಎಂದು ಹಿಂಜರಿಯುವವರು ಆಯಿಲ್, ಅದರ ವಿಲೇವಾರಿ, ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟಿಸುವ ಖರ್ಚು ಎಲ್ಲವನ್ನೂ ಕೂಡಿ ನೋಡಬೇಕು. ಡಯಾಫ್ರಮ್ ಪಂಪಿಗೆ ಹತ್ತು ಸಾವಿರ ಗಂಟೆಗಿಂತ ಹೆಚ್ಚು ಓಡಿದ ಮೇಲೆ ಪೊರೆ ಮತ್ತು ಕವಾಟ ಬದಲಿಸಬೇಕಾಗಬಹುದು. ಅದನ್ನು ಪ್ರಯೋಗಾಲಯದಲ್ಲೇ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು. ಪಂಪಿನ ಜೊತೆಗೆ ಒತ್ತಡ ನಿಯಂತ್ರಕವನ್ನೂ ಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. 240 ಎಂದು ಇಟ್ಟರೆ 240ಕ್ಕೆ ನಿಲ್ಲಿಸುವ ಆ ಪೆಟ್ಟಿಗೆ ಇಲ್ಲದಿದ್ದರೆ ಒಳ್ಳೆಯ ಪಂಪೂ ಉಕ್ಕಿಸುತ್ತದೆ, ದ್ರಾವಕವನ್ನೂ ಹೊರಗೆ ಬಿಡುತ್ತದೆ. ಅಷ್ಟೇ ಮುಖ್ಯವಾದದ್ದು ಚಿಲ್ಲರ್. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ನಲ್ಲಿ ನೀರನ್ನೇ ಕಂಡೆನ್ಸರಿಗೆ ಬಿಟ್ಟು ಕಡಿಮೆ ಕುದಿಬಿಂದುವಿನ ದ್ರಾವಕ ಹಿಡಿಯುತ್ತೇನೆಂದರೆ ಯಾವ ಪಂಪೂ ನೆರವಿಗೆ ಬಾರದು.

ಪೆಪ್ಟೈಡ್ ಕೆಲಸ ಮಾಡುವ ಜೀವರಸಾಯನ ಪ್ರಯೋಗಾಲಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತ ಒಣಗಿಸುವ ಯಂತ್ರಕ್ಕೆ ಹೋಗುವುದು ಅಸಿಟೋನೈಟ್ರೈಲ್ ಮತ್ತು ಟ್ರೈಫ್ಲೋರೊಅಸಿಟಿಕ್ ಆಮ್ಲ. ಈ ಆಮ್ಲ ರೋಟರಿ ಪಂಪಿನ ಲೋಹವನ್ನು ಕೊರೆಯುತ್ತದೆ, ಆಯಿಲನ್ನು ಕೆಡಿಸುತ್ತದೆ. ಟೆಫ್ಲಾನ್ ಡಯಾಫ್ರಮ್ ಪಂಪಿಗೆ ಅದು ಲೆಕ್ಕಕ್ಕಿಲ್ಲ.

ಹಾಗಾದರೆ ಆಯಿಲ್ ರೋಟರಿ ಪಂಪಿಗೆ ಜಾಗವೇ ಇಲ್ಲವೇ? ಖಂಡಿತ ಇದೆ. ಗಾಳಿ, ತೇವ ತಾಗದಂತೆ ಕೆಲಸ ಮಾಡುವ ಶ್ಲೆಂಕ್ ಲೈನಿಗೆ, ಫ್ರೀಜ್ ಡ್ರೈಯರಿಗೆ, ದೊಡ್ಡ ಪಂಪಿನ ಹಿಂಬದಿಗೆ ಇದರಷ್ಟು ಅಗ್ಗವಾಗಿ, ಇದರಷ್ಟು ವರ್ಷ ದುಡಿಯುವ ಪಂಪು ಇನ್ನೊಂದಿಲ್ಲ. ಉರುಳೆಯಾಕಾರದ ಕುಹರದೊಳಗೆ ಮಧ್ಯಕ್ಕೆ ಸರಿಯಾಗಿಲ್ಲದ ರೋಟರ್ ತಿರುಗುತ್ತದೆ; ಅದರ ಸೀಳಿನಲ್ಲಿರುವ ರೆಕ್ಕೆಗಳು ಗೋಡೆಗೆ ಒತ್ತಿಕೊಂಡು ಅನಿಲವನ್ನು ಗುಡಿಸಿ, ಹಿಂಡಿ, ಆಯಿಲ್ ಮೂಲಕ ಹೊರಕ್ಕೆ ತಳ್ಳುತ್ತವೆ. ಒಂದು ಹಂತದ್ದು 0.1 ಮಿಲಿಬಾರ್ ಆಸುಪಾಸಿಗೆ, ಎರಡು ಹಂತದ್ದು 0.001ರ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಆ ಅಂಕಿ ಸಿಗುವುದು ಬಾಯಿ ಮುಚ್ಚಿದ, ಹೊಸ ಆಯಿಲ್ ಹಾಕಿದ ಪಂಪಿನಲ್ಲಿ.

ಇದರ ಶತ್ರು ನೀರಾವಿ. ಹಿಂಡುವಾಗ ಆವಿ ಪಂಪಿನೊಳಗೇ ನೀರಾಗಿ ಆಯಿಲ್‌ನಲ್ಲಿ ಬೆರೆತರೆ ಆಯಿಲ್ ಮಜ್ಜಿಗೆಯ ಹಾಗೆ ಬಿಳಿಚಿಕೊಳ್ಳುತ್ತದೆ. ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಗೇಡೆ 1935ರಲ್ಲಿ ಇದಕ್ಕೊಂದು ಸರಳ ಉಪಾಯ ಕಂಡುಹಿಡಿದ. ಹಿಂಡುವ ಹಂತದಲ್ಲಿ ಸ್ವಲ್ಪ ಹೊರಗಾಳಿ ಒಳಬಿಟ್ಟರೆ, ಆವಿ ನೀರಾಗುವ ಮೊದಲೇ ಹೊರಕವಾಟ ತೆರೆದು ಅದು ಗಾಳಿಯೊಡನೆ ಹೊರಹೋಗುತ್ತದೆ. ಗ್ಯಾಸ್ ಬ್ಯಾಲಸ್ಟ್ ಎಂದು ಕರೆಯುವ ಆ ಸಣ್ಣ ತಿರುಪು ಇಂದಿಗೂ ಪ್ರತಿ ರೋಟರಿ ಪಂಪಿನ ತಲೆಯ ಮೇಲಿದೆ, ಮತ್ತು ಬಹಳಷ್ಟು ಪ್ರಯೋಗಾಲಯಗಳಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ತೆರೆದಿರುವಾಗ ಪಂಪು ತನ್ನ ಕನಿಷ್ಠ ಒತ್ತಡಕ್ಕೆ ಇಳಿಯುವುದಿಲ್ಲ ಎಂಬ ಕಾರಣಕ್ಕೆ ಮುಚ್ಚಿಯೇ ಇಟ್ಟಿರುತ್ತಾರೆ. ಕೆಲಸಕ್ಕೆ ಮುಂಚೆ ಪಂಪು ಬಿಸಿಯಾಗಲು ಅರ್ಧ ಗಂಟೆ, ಕೆಲಸ ಮುಗಿದ ಮೇಲೆ ಆಯಿಲ್ ಶುದ್ಧವಾಗಲು ಅರ್ಧ ಗಂಟೆ ಬ್ಯಾಲಸ್ಟ್ ತೆರೆದು ಓಡಿಸುವ ರೂಢಿ ಇದ್ದರೆ ಪಂಪಿನ ಆಯುಸ್ಸು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಆಯಿಲ್ ಯಾವಾಗ ಬದಲಿಸಬೇಕೆಂದು ಕೈಪಿಡಿಯ ಗಂಟೆಯ ಲೆಕ್ಕ ನೋಡುವುದಕ್ಕಿಂತ ಪಂಪಿನ ಗಾಜಿನ ಕಿಂಡಿ ನೋಡುವುದು ಮೇಲು. ಗಾಳಿಯನ್ನಷ್ಟೇ ಎಳೆಯುವ ಪಂಪಿನ ಆಯಿಲ್ ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ; ಸಂಶ್ಲೇಷಣೆಯ ಪ್ರಯೋಗಾಲಯದಲ್ಲಿ ತಿಂಗಳಿಗೊಮ್ಮೆ ಬದಲಿಸಬೇಕಾಗಿ ಬರಬಹುದು. ಶುದ್ಧ ಆಮ್ಲಜನಕ ಎಳೆಯುವ ಕೆಲಸವಿದ್ದರೆ ಖನಿಜ ಆಯಿಲ್ ಕೂಡದು, ಸ್ಫೋಟದ ಅಪಾಯವಿದೆ. ಅದಕ್ಕೆ ಫ್ಲೋರಿನ್ ಇರುವ, ಉರಿಯದ ಪಿಎಫ್‌ಪಿಇ ಆಯಿಲ್ ಬೇಕು, ಪಂಪೂ ಅದಕ್ಕೆಂದೇ ಸಿದ್ಧಪಡಿಸಿದ್ದಾಗಿರಬೇಕು.

ವಿದ್ಯುತ್ತು ಹೋದಾಗ ಏನಾಗುತ್ತದೆ ಎಂಬ ಪ್ರಶ್ನೆ ವಿದೇಶಿ ಕೈಪಿಡಿಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಅದು ಆಯ್ಕೆಯನ್ನೇ ನಿರ್ಧರಿಸಬೇಕಾದ ಪ್ರಶ್ನೆ. ರೋಟರಿ ಪಂಪು ನಿಂತೊಡನೆ ಹೊರಗಿನ ಗಾಳಿಯ ಒತ್ತಡ ಆಯಿಲನ್ನು ಹಿಂದಕ್ಕೆ, ನಿರ್ವಾತದ ಕಡೆಗೆ ತಳ್ಳುತ್ತದೆ. ರಾತ್ರಿಯಿಡೀ ಒಣಗುತ್ತಿದ್ದ ಸ್ಯಾಂಪಲ್ಲಿನ ಮೇಲೆ ಬೆಳಗಾಗುವುದರಲ್ಲಿ ಆಯಿಲ್ ಹರಡಿರುತ್ತದೆ. ಈಗಿನ ಪಂಪುಗಳಲ್ಲಿ ಇದನ್ನು ತಡೆಯುವ ಕವಾಟ ಒಳಗೇ ಇರುತ್ತದೆ. ಹಳೆಯ ಬೆಲ್ಟಿನ ಪಂಪುಗಳಲ್ಲಿ ಇರುವುದು ಅಪರೂಪ. ಒಳಗಿನ ಕವಾಟವನ್ನೂ ಪೂರ್ತಿ ನಂಬದೆ, ವಿದ್ಯುತ್ತು ಹೋದೊಡನೆ ಉಪಕರಣದ ಕಡೆ ಮುಚ್ಚಿ ಪಂಪಿನ ಕಡೆ ಗಾಳಿ ಬಿಡುವ ಸೊಲೆನಾಯ್ಡ್ ಕವಾಟವೊಂದನ್ನು ಹಾಕಿಸುವುದು ಸಣ್ಣ ಖರ್ಚಿನ ದೊಡ್ಡ ರಕ್ಷಣೆ. ಮೂರು ಫೇಸಿನ ಮೋಟರ್ ಇದ್ದರೆ ಇನ್ನೊಂದು ಎಚ್ಚರ ಬೇಕು. ಎಲೆಕ್ಟ್ರಿಷಿಯನ್ ಎರಡು ತಂತಿ ಅದಲು ಬದಲು ಮಾಡಿದರೆ ಪಂಪು ಹಿಂದುಮುಂದಾಗಿ ತಿರುಗಿ ಆಯಿಲನ್ನು ಉಪಕರಣಕ್ಕೆ ತಳ್ಳುತ್ತದೆ. ವೈರಿಂಗ್ ಮುಟ್ಟಿದಾಗಲೆಲ್ಲ ಕೊಳವೆ ಬಿಚ್ಚಿಟ್ಟು, ಕ್ಷಣಮಾತ್ರ ಸ್ವಿಚ್ ಹಾಕಿ ತೆಗೆದು, ಮೋಟರಿನ ಮೇಲಿನ ಬಾಣದ ಗುರುತಿನಂತೆ ತಿರುಗುತ್ತಿದೆಯೇ ಎಂದು ನೋಡಬೇಕು.

ರೋಟರಿ ಪಂಪಿಗೂ ಉಪಕರಣಕ್ಕೂ ನಡುವೆ ಇರಬೇಕಾದದ್ದು ಕೋಲ್ಡ್ ಟ್ರ್ಯಾಪ್. ಅದನ್ನು ಪಂಪಿನ ಬಿಡಿಭಾಗವೆಂದು ಕಾಣುವವರು ಹೆಚ್ಚು. ಆವಿಯ ಮಟ್ಟಿಗೆ ಅದೇ ನಿಜವಾದ ಪಂಪು ಎಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಫ್ರೀಜ್ ಡ್ರೈಯರಿನಲ್ಲಿ 0.1 ಮಿಲಿಬಾರ್ ಒತ್ತಡದಲ್ಲಿ ಒಂದೇ ಒಂದು ಗ್ರಾಂ ನೀರು ಆವಿಯಾದರೆ ಅದರ ಗಾತ್ರ ಕೋಣೆಯ ಉಷ್ಣತೆಯಲ್ಲಿ ಸುಮಾರು 13,500 ಲೀಟರ್. ಗಂಟೆಗೆ 10 ಘನ ಮೀಟರ್ ಎಳೆಯುವ ಪಂಪು ಆ ಒಂದು ಗ್ರಾಮಿಗೇ 80 ನಿಮಿಷ ತೆಗೆದುಕೊಳ್ಳುತ್ತದೆ. ಸ್ಯಾಂಪಲ್ಲಿನಲ್ಲಿ ಇರುವುದು ನೂರಾರು ಗ್ರಾಂ. ಆ ನೀರನ್ನೆಲ್ಲ ಹಿಡಿಯುವುದು ಯಂತ್ರದೊಳಗಿನ ತಣ್ಣನೆಯ ಸುರುಳಿ. ಮೈನಸ್ 50 ಡಿಗ್ರಿಯ ಸುರುಳಿಯ ಮೇಲೆ ಮಂಜುಗಡ್ಡೆಯ ಆವಿಯ ಒತ್ತಡ 0.04 ಮಿಲಿಬಾರ್, ಸುರುಳಿ ಮೈನಸ್ 80 ಇದ್ದರೆ 0.0005ರ ಹತ್ತಿರ. ಪಂಪಿನ ಪಾಲಿಗೆ ಉಳಿಯುವುದು ಸೋರಿಬಂದ ಗಾಳಿ, ಕರಗಿದ್ದ ಗಾಳಿ ಅಷ್ಟೇ. ಆದ್ದರಿಂದ ಫ್ರೀಜ್ ಡ್ರೈಯರ್ ನಿಧಾನವಾಗಿದೆಯೆಂದು ದೊಡ್ಡ ಪಂಪು ಕೊಳ್ಳಲು ಹೊರಟವರು ಮೊದಲು ಸುರುಳಿಯ ಉಷ್ಣತೆ ಅಳೆದು ನೋಡಲಿ. ಬಹುತೇಕ ಸಲ ದೋಷ ಶೈತ್ಯಯಂತ್ರದಲ್ಲಿ ಅಥವಾ ಸುರುಳಿಯ ಮೇಲೆ ಬೆಳೆದ ಮಂಜಿನ ಪದರದಲ್ಲಿ ಇರುತ್ತದೆ. ನೀರಿನ ಜೊತೆ ಅಸಿಟೋನೈಟ್ರೈಲ್, ಎಥನಾಲ್ ಇರುವ ಸ್ಯಾಂಪಲ್ ಒಣಗಿಸುವವರಿಗೆ ಮೈನಸ್ 50ರ ಸುರುಳಿ ಸಾಲದು. ಅದು ಹಿಡಿಯದ್ದೆಲ್ಲ ಪಂಪಿನ ಆಯಿಲ್‌ಗೆ ಹೋಗುತ್ತದೆ.

ಶ್ಲೆಂಕ್ ಲೈನಿನಲ್ಲಿ ಟ್ರ್ಯಾಪ್ ತಣಿಸುವುದು ಡ್ರೈ ಐಸ್ ಹಾಕಿದ ಅಸಿಟೋನಿನಿಂದ, ಮೈನಸ್ 78 ಡಿಗ್ರಿಗೆ. ಇಲ್ಲವೇ ಲಿಕ್ವಿಡ್ ನೈಟ್ರೋಜನ್‌ನಿಂದ, ಮೈನಸ್ 196ಕ್ಕೆ. ಎರಡನೆಯದರ ಅಪಾಯವನ್ನು ಪ್ರತಿ ಹೊಸ ವಿದ್ಯಾರ್ಥಿಗೂ ಎದುರು ನಿಂತು ಹೇಳಬೇಕು. ಆಮ್ಲಜನಕ ಮೈನಸ್ 183ಕ್ಕೇ ದ್ರವವಾಗುತ್ತದೆ. ಎಲ್ಲೋ ಒಂದು ಕೊಳವೆ ತೆರೆದಿಟ್ಟು ಪಂಪು ಓಡಿಸಿದರೆ ಗಾಳಿಯಲ್ಲಿನ ಆಮ್ಲಜನಕ ಟ್ರ್ಯಾಪಿನ ತಳದಲ್ಲಿ ತಿಳಿ ನೀಲಿ ದ್ರವವಾಗಿ ಕೂಡುತ್ತದೆ. ಅಲ್ಲಿ ಮೊದಲೇ ಸೇರಿರುವ ದ್ರಾವಕದೊಡನೆ ಅದು ಸಿಡಿಯಬಲ್ಲದು. ಟ್ರ್ಯಾಪನ್ನು ಮುಚ್ಚಿ ನೈಟ್ರೋಜನ್ ತೆಗೆದರೆ ಅದು ಮತ್ತೆ ಅನಿಲವಾಗಿ ಗಾಜನ್ನೇ ಒಡೆಯಬಲ್ಲದು. ಕ್ರಮ ಇಷ್ಟೇ: ಮೊದಲು ಪಂಪು ಹಾಕಿ, ಇಡೀ ಲೈನು ಸೋರುತ್ತಿಲ್ಲವೆಂದು ಗೇಜಿನಲ್ಲಿ ಕಂಡಮೇಲೆ ಟ್ರ್ಯಾಪಿಗೆ ನೈಟ್ರೋಜನ್. ಮುಗಿಸುವಾಗ ಉಪಕರಣವನ್ನೆಲ್ಲ ಲೈನಿನಿಂದ ಮುಚ್ಚಿ, ಪಂಪು ನಿಲ್ಲಿಸಿ, ಟ್ರ್ಯಾಪಿಗೆ ಗಾಳಿ ಬಿಟ್ಟ ಕೂಡಲೇ ನೈಟ್ರೋಜನ್ ತುಂಬಿದ ಡೀವಾರ್ ಪಾತ್ರೆ ಇಳಿಸಬೇಕು. ನೈಟ್ರೋಜನ್‌ನಲ್ಲಿ ಮುಳುಗಿದ ಟ್ರ್ಯಾಪ್ ಗಾಳಿಗೆ ತೆರೆದುಕೊಂಡು ನಿಲ್ಲಬಾರದು. ನೀಲಿ ದ್ರವ ಕಂಡರೆ ತಾವೇ ಏನೂ ಮಾಡಲು ಹೋಗದೆ, ಪಂಪು ಓಡುತ್ತಿದ್ದಂತೆಯೇ ಬಿಟ್ಟು, ಫ್ಯೂಮ್ ಹುಡ್ಡಿನ ಬಾಗಿಲು ಇಳಿಸಿ, ಎಲ್ಲರನ್ನೂ ಹೊರಗೆ ಕಳಿಸಿ ಸುರಕ್ಷತೆ ನೋಡಿಕೊಳ್ಳುವವರಿಗೆ ತಿಳಿಸಬೇಕು. ಲಿಕ್ವಿಡ್ ನೈಟ್ರೋಜನ್, ಡ್ರೈ ಐಸ್ ಎರಡೂ ದಿನವೂ ಸಿಗದ ಜಿಲ್ಲಾ ಕೇಂದ್ರಗಳ ಕಾಲೇಜುಗಳಿಗೆ ವಿದ್ಯುತ್ತಿನಿಂದ ಮೈನಸ್ 80ರವರೆಗೆ ತಣಿಸುವ ಟ್ರ್ಯಾಪ್ ಕೊಳ್ಳುವುದೇ ದಾರಿ. ಅದರ ಬೆಲೆಯನ್ನು ಪಂಪಿನ ಬೆಲೆಯೊಳಗೇ ಸೇರಿಸಿ ಅನುದಾನ ಕೇಳಬೇಕು.

ಆಯಿಲ್ ಬೇಡ, ಆದರೆ ಡಯಾಫ್ರಮ್ ಇಳಿಯುವುದಕ್ಕಿಂತ ಕೆಳಗೆ ಹೋಗಬೇಕು ಎನ್ನುವವರಿಗೆ ಸ್ಕ್ರೋಲ್ ಪಂಪು ಇದೆ. ಒಂದರೊಳಗೊಂದು ಕೂತ ಎರಡು ಲೋಹದ ಸುರುಳಿಗಳಲ್ಲಿ ಒಂದು ಸಣ್ಣ ವೃತ್ತದಲ್ಲಿ ಸುತ್ತುತ್ತ ಅನಿಲವನ್ನು ಅಂಚಿನಿಂದ ಮಧ್ಯಕ್ಕೆ ಹಿಂಡುತ್ತ ಹೋಗುತ್ತದೆ. 0.01 ಮಿಲಿಬಾರ್ ಆಸುಪಾಸಿಗೆ ಇಳಿಯುತ್ತದೆ, ಸ್ವಚ್ಛ, ಗಲಾಟೆ ಕಡಿಮೆ. ಆದರೆ ಸುರುಳಿಯ ತುದಿಯ ಸೀಲು ಸವೆಯುತ್ತದೆ. ಸವೆದ ಪುಡಿ ಒಳಗೇ ಇರುತ್ತದೆ. ಆಮ್ಲ, ಅಂಟು ಆವಿ, ಧೂಳು ಇದಕ್ಕೆ ಆಗದು. ಗ್ಲವ್ ಬಾಕ್ಸಿಗೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಹಿಂಬದಿಗೆ ಚೆನ್ನ. ಸಂಶ್ಲೇಷಣೆಯ ಬೆಂಚಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಇನ್ನು ಭೌತವಿಜ್ಞಾನದವರ ಅಗತ್ಯ. ಲೋಹವನ್ನು ಕಾಯಿಸಿ ಗಾಜಿನ ಮೇಲೆ ತೆಳು ಪದರ ಕೂರಿಸಬೇಕಾದರೆ ಲೋಹದ ಪರಮಾಣು ದಾರಿಯಲ್ಲಿ ಗಾಳಿಯ ಅಣುವಿಗೆ ಢಿಕ್ಕಿ ಹೊಡೆಯದೆ ಗಾಜು ತಲುಪಬೇಕು. 1 ಮಿಲಿಬಾರ್‌ನಲ್ಲಿ ಅಣುವೊಂದು ಎರಡು ಢಿಕ್ಕಿಗಳ ನಡುವೆ ಸಾಗುವ ದೂರ ಸರಾಸರಿ 0.07 ಮಿಲಿಮೀಟರ್, ಮಿಲಿಬಾರ್‌ನ ಲಕ್ಷದಲ್ಲೊಂದು ಭಾಗಕ್ಕೆ ಇಳಿದರೆ ಆರೇಳು ಮೀಟರ್. ಇಲ್ಲಿ ಕಡಿಮೆ ಒತ್ತಡ ನಿಜವಾಗಿಯೂ ಬೇಕು. ರೋಟರಿ ಪಂಪೊಂದರಿಂದ ಅದು ಆಗುವುದಿಲ್ಲ, ಅದರ ಮುಂದೆ ಎರಡನೆಯ ಪಂಪು ಕೂರಬೇಕು. ನಮ್ಮ ವಿಶ್ವವಿದ್ಯಾಲಯಗಳ ಭೌತವಿಜ್ಞಾನ ವಿಭಾಗಗಳಲ್ಲಿ ಬೆಲ್ ಜಾರ್ ಹೊತ್ತ ಕೋಟಿಂಗ್ ಯೂನಿಟ್ ನೋಡಿದವರಿಗೆ ಡಿಫ್ಯೂಷನ್ ಪಂಪಿನ ಪರಿಚಯ ಇರುತ್ತದೆ. ಬೆಂಗಳೂರಿನಲ್ಲಿ 1965ರಲ್ಲಿ ಆರಂಭವಾದ ಹಿಂದ್ ಹೈ ವ್ಯಾಕ್ಯೂಮ್ ಕಂಪನಿಯ ಯಂತ್ರಗಳು ದೇಶದ ಎಷ್ಟೋ ಪ್ರಯೋಗಾಲಯಗಳಲ್ಲಿ ತೆಳು ಪದರದ ಸಂಶೋಧನೆಗೆ ಆಧಾರವಾಗಿವೆ. ಡಿಫ್ಯೂಷನ್ ಪಂಪಿನಲ್ಲಿ ತಿರುಗುವ ಭಾಗವೇ ಇಲ್ಲ. ತಳದಲ್ಲಿ ಕಾದ ಆಯಿಲ್‌ನ ಆವಿ ಕೆಳಮುಖವಾಗಿ ಚಿಮ್ಮಿ ಅಣುಗಳನ್ನು ಕೆಳಕ್ಕೆ ತಳ್ಳುತ್ತದೆ, ಅಲ್ಲಿಂದ ರೋಟರಿ ಪಂಪು ಎಳೆದುಕೊಳ್ಳುತ್ತದೆ. ದಶಕಗಳ ಕಾಲ ಓಡುತ್ತದೆ, ರಿಪೇರಿ ಅಲ್ಲೇ ಆಗುತ್ತದೆ. ತಂಪಿನ ನೀರು ನಿಂತರೆ, ಅಥವಾ ಕಾದ ಆಯಿಲ್‌ಗೆ ಗಾಳಿ ತಾಗಿದರೆ ಮಾತ್ರ ಇಡೀ ಚೇಂಬರ್ ಆಯಿಲ್‌ಮಯ.

ಇಂದು ಹೊಸದಾಗಿ ಕೊಳ್ಳುವವರು ಟರ್ಬೊ ಪಂಪಿಗೆ ಹೋಗುತ್ತಾರೆ, ಹೋಗುವುದು ಸರಿಯೂ ಹೌದು. 1958ರಲ್ಲಿ ಜರ್ಮನಿಯ ವಿಲ್ಲಿ ಬೆಕರ್ ರೂಪಿಸಿದ ಈ ಪಂಪಿನಲ್ಲಿ ರೆಕ್ಕೆಗಳು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಿ ಅಣುಗಳನ್ನು ಹೊಡೆದು ಹೊರಗೆ ಕಳಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುತ್ತದೆ, ಈಗಿನ ಸಣ್ಣ ಮಾದರಿಗಳ ಹಿಂದೆ ಡಯಾಫ್ರಮ್ ಪಂಪು ಇಟ್ಟರೂ ಸಾಕು, ಆಗ ಆಯಿಲ್ ಪಂಪೇ ಬೇಕಿಲ್ಲ. ಆದರೆ ಓಡುವಾಗ ಒಂದು ಸಣ್ಣ ತಿರುಪು ಒಳಗೆ ಬಿದ್ದರೆ ಅಥವಾ ಗಾಳಿ ಒಮ್ಮೆಲೇ ನುಗ್ಗಿದರೆ ಪಂಪೇ ಹೋಗುತ್ತದೆ, ರಿಪೇರಿಗೆ ಕಾರ್ಖಾನೆಗೆ ಹೋಗಬೇಕು. ಬಾಯಿಗೆ ಜಾಲರಿ ಹಾಕಿಸಿಕೊಳ್ಳದೆ ಕೊಳ್ಳಬಾರದು.

ದೊಡ್ಡ ಪಂಪು ಕೊಂಡು ಅದರ ಶಕ್ತಿಯನ್ನು ಕೊಳವೆಯಲ್ಲಿ ಕಳೆದುಕೊಳ್ಳುವುದು ಈ ಹಂತದಲ್ಲಿ ಆಗುವ ದೊಡ್ಡ ನಷ್ಟ. ಒತ್ತಡ ಬಹಳ ಕಡಿಮೆಯಾದಾಗ ಅಣುಗಳು ಒಂದನ್ನೊಂದು ತಳ್ಳುವುದಿಲ್ಲ, ಕೊಳವೆಯ ಗೋಡೆಗೆ ಬಡಿದು ಬಡಿದು ಹೇಗೋ ಹೊರಬೀಳುತ್ತವೆ. ಆಗ ಕೊಳವೆಯೊಂದು ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಬಿಟ್ಟುಕೊಡಬಲ್ಲದು ಎಂಬುದಕ್ಕೆ ಸುಲಭ ಸೂತ್ರವಿದೆ: ವ್ಯಾಸದ ಘನವನ್ನು ಉದ್ದದಿಂದ ಭಾಗಿಸಿ 12.1ರಿಂದ ಗುಣಿಸುವುದು, ಎರಡೂ ಸೆಂಟಿಮೀಟರ್‌ನಲ್ಲಿ. ಒಂದು ಸೆಂಟಿಮೀಟರ್ ಒಳವ್ಯಾಸದ, ಒಂದು ಮೀಟರ್ ಉದ್ದದ ಕೊಳವೆಗೆ ಇದು ಸೆಕೆಂಡಿಗೆ 0.12 ಲೀಟರ್. ಅದರ ತುದಿಯಲ್ಲಿ ಸೆಕೆಂಡಿಗೆ 100 ಲೀಟರಿನ ಟರ್ಬೊ ಇಟ್ಟರೂ ಚೇಂಬರಿಗೆ ಸಿಗುವುದು 0.12 ಮಾತ್ರ. ಅದೇ ಕೊಳವೆ ಎರಡೂವರೆ ಸೆಂಟಿಮೀಟರ್ ಅಗಲವಿದ್ದರೆ 1.9, ಹದಿನೈದು ಪಟ್ಟು ಹೆಚ್ಚು. ಟರ್ಬೊವನ್ನು ಚೇಂಬರಿಗೇ ನೇರ ಬಿಗಿಯುವುದು ಇದೇ ಕಾರಣಕ್ಕೆ. ಶ್ಲೆಂಕ್ ಲೈನಿನವರೂ ರೋಟರಿ ಪಂಪಿನಿಂದ ಟ್ರ್ಯಾಪಿಗೆ ಸಣ್ಣ ರಬ್ಬರ್ ಕೊಳವೆ ಉದ್ದಕ್ಕೆ ಎಳೆಯದೆ ಗಿಡ್ಡದಾಗಿ, ಅಗಲವಾಗಿ, ದಪ್ಪ ಗೋಡೆಯದನ್ನು ಹಾಕಿದರೆ ಹೊಸ ಪಂಪು ಕೊಂಡಷ್ಟೇ ಫಲ ಕಾಣಬಹುದು.

ಪಂಪಿನ ವೇಗದ ಬಗ್ಗೆ ಅತಿಯಾಗಿ ಚಿಂತಿಸಬೇಕಿಲ್ಲ. 20 ಲೀಟರಿನ ಚೇಂಬರನ್ನು ಗಂಟೆಗೆ 10 ಘನ ಮೀಟರಿನ ಪಂಪು ವಾತಾವರಣದಿಂದ 1 ಮಿಲಿಬಾರ್‌ಗೆ ಒಂದು ನಿಮಿಷದೊಳಗೆ ತರುತ್ತದೆ. ಅದರಾಚೆ ಸಮಯ ತಿನ್ನುವುದು ಗೋಡೆಯಿಂದ ಬಿಡುವ ತೇವ, ಬೆರಳಿನ ಜಿಡ್ಡು, ಸೋರುವ ಓ-ರಿಂಗು. ಪಂಪಿನ ಗಾತ್ರ ದುಪ್ಪಟ್ಟು ಮಾಡಿದರೂ ಅವು ಹೋಗುವುದಿಲ್ಲ. ಕ್ಯಾಟಲಾಗಿನ ವೇಗವನ್ನು ಹೋಲಿಸುವಾಗ ಒಂದು ಅಂಶ ಮಾತ್ರ ಮರೆಯಬಾರದು. ಅಮೆರಿಕದ ಅಂಕಿಗಳು 60 ಹರ್ಟ್ಸ್ ವಿದ್ಯುತ್ತಿಗೆ ಕೊಟ್ಟವು. ನಮ್ಮ 50 ಹರ್ಟ್ಸ್‌ನಲ್ಲಿ ಸಾಧಾರಣ ಮೋಟರಿನ ಅದೇ ಪಂಪು ಆರನೇ ಒಂದು ಭಾಗ ಕಡಿಮೆ ಎಳೆಯುತ್ತದೆ.

ಗೇಜಿನ ಮೇಲೆ ಖರ್ಚು ಮಾಡಲು ಹಿಂಜರಿಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಗೇಜಿಲ್ಲದ ಪಂಪಿನಲ್ಲಿ ಸೋರಿಕೆ, ಕೆಟ್ಟ ಆಯಿಲ್, ತುಂಬಿದ ಟ್ರ್ಯಾಪ್ ಯಾವುದೂ ಗೊತ್ತಾಗುವುದಿಲ್ಲ. ಶ್ಲೆಂಕ್ ಲೈನಿಗೂ ಫ್ರೀಜ್ ಡ್ರೈಯರಿಗೂ ಪಿರಾನಿ ಗೇಜ್ ಸಾಕು. ಬಿಸಿ ತಂತಿಯಿಂದ ಅನಿಲ ಎಷ್ಟು ಶಾಖ ಒಯ್ಯುತ್ತದೆ ಎಂಬುದರ ಮೇಲೆ ಅದು ನಡೆಯುವುದರಿಂದ ಯಾವ ಅನಿಲ ಎಂಬುದು ಮುಖ್ಯ. ನೈಟ್ರೋಜನ್‌ಗೆ ಹೊಂದಿಸಿದ ಗೇಜ್ ನೀರಾವಿಯಲ್ಲಿ ಸುಮಾರು 60 ಪ್ರತಿಶತ ಹೆಚ್ಚು ತೋರಿಸುತ್ತದೆ, ಆರ್ಗಾನಿನಲ್ಲಿ ಕಡಿಮೆ ತೋರಿಸುತ್ತದೆ. ಅನಿಲ ಯಾವುದಾದರೂ ಸರಿಯಾದ ಒತ್ತಡ ಹೇಳುವುದು ಕೆಪ್ಯಾಸಿಟೆನ್ಸ್ ಗೇಜ್. ಔಷಧ ಕಂಪನಿಗಳ ಫ್ರೀಜ್ ಡ್ರೈಯರುಗಳಲ್ಲಿ ಎರಡನ್ನೂ ಹಾಕಿ, ಅವೆರಡರ ಅಂಕಿ ಒಂದಕ್ಕೊಂದು ಹತ್ತಿರ ಬಂದಾಗ ಮಂಜುಗಡ್ಡೆಯೆಲ್ಲ ಮುಗಿಯಿತೆಂದು ತಿಳಿಯುತ್ತಾರೆ. ಹಳೆಯ ವಿಭಾಗಗಳಲ್ಲಿ ಇನ್ನೂ ಉಳಿದಿರುವ ಪಾದರಸದ ಮೆಕ್ಲಿಯಾಡ್ ಗೇಜನ್ನು ನಿತ್ಯದ ಕೆಲಸಕ್ಕೆ ಇಟ್ಟುಕೊಳ್ಳಬಾರದು. ಸಾಂದ್ರವಾಗುವ ಆವಿಯನ್ನು ಅದು ಸರಿಯಾಗಿ ಅಳೆಯಲಾರದು. ಗಾಜು ಒಡೆದರೆ ಪಾದರಸ ನೆಲದ ಬಿರುಕುಗಳಲ್ಲಿ ಸೇರಿಕೊಳ್ಳುತ್ತದೆ.

ಕೊನೆಗೆ ಖರೀದಿ. ಸರ್ಕಾರಿ ಸಂಸ್ಥೆಗಳಲ್ಲಿ ಷರತ್ತು ಪೂರೈಸಿದವರಲ್ಲಿ ಎಲ್-1, ಅಂದರೆ ಕನಿಷ್ಠ ದರ ಕೊಟ್ಟವರಿಗೇ ಆದೇಶ ಹೋಗುವುದು ಸಾಮಾನ್ಯ. ಹಾಗಿರುವಾಗ ಎಲ್ಲ ತೂಕ ಇರುವುದು ಷರತ್ತು ಬರೆಯುವುದರಲ್ಲಿ. ‘ರಾಸಾಯನಿಕ ನಿರೋಧಕ’ ಎಂದಷ್ಟೇ ಬರೆದರೆ ಯಾರಾದರೂ ಹೌದು ಎನ್ನಬಹುದು. ಅನಿಲ ತಾಗುವ ಪ್ರತಿ ಭಾಗವೂ ಯಾವ ವಸ್ತುವಿನದೆಂದು ಹೇಳಬೇಕು ಎಂದು ಬರೆದರೆ ಉತ್ತರ ಬೇರೆ ಬರುತ್ತದೆ. ಬ್ಯಾಲಸ್ಟ್ ಮುಚ್ಚಿದಾಗ ಎಷ್ಟು, ತೆರೆದಾಗ ಎಷ್ಟು, 50 ಹರ್ಟ್ಸ್‌ನಲ್ಲಿ ವೇಗ ಎಷ್ಟು, ಎರಡು ಸಲಕ್ಕಾಗುವಷ್ಟು ಪೊರೆ, ಕವಾಟ ಅಥವಾ ರೆಕ್ಕೆ, ಸೀಲು, ಆಯಿಲ್ ಜೊತೆಗೇ ಕೊಡಬೇಕು, ಸರ್ವಿಸ್ ಇಂಜಿನಿಯರ್ ಯಾವ ಊರಿನಿಂದ ಬರುತ್ತಾನೆ, ಇವೆಲ್ಲ ಷರತ್ತಿನಲ್ಲಿ ಬರಬೇಕು. ಸಣ್ಣ ಊರಿನ ಕಾಲೇಜಿಗೆ ಬಿಡಿಭಾಗ ನಾಲ್ಕು ದಿನದಲ್ಲಿ ಸಿಗುವ ದೇಶೀ ಪಂಪು, ಆರು ತಿಂಗಳಿಗೆ ಸಿಗುವ ವಿದೇಶಿ ಪಂಪಿಗಿಂತ ಎಷ್ಟೋ ಮೇಲು. ಸಂಶ್ಲೇಷಣೆಯ ಸಣ್ಣ ಪ್ರಯೋಗಾಲಯವೊಂದು ನನ್ನನ್ನು ಕೇಳಿದರೆ, ನಿಯಂತ್ರಕ ಸಹಿತ ಎರಡು ಹಂತದ ಟೆಫ್ಲಾನ್ ಡಯಾಫ್ರಮ್ ಪಂಪು ಒಂದು, ಶ್ಲೆಂಕ್ ಲೈನಿಗೆ ಗಂಟೆಗೆ ಐದಾರು ಘನ ಮೀಟರಿನ ಎರಡು ಹಂತದ ರೋಟರಿ ಪಂಪು ಒಂದು, ಟ್ರ್ಯಾಪು, ಪಿರಾನಿ ಗೇಜು, ಹಣ ಉಳಿದರೆ ಚಿಲ್ಲರ್ ಎನ್ನುತ್ತೇನೆ. ಎರಡು ರೋಟರಿ ಪಂಪಿಗಿಂತ ಇದು ದುಬಾರಿ. ಆದರೂ ಇದನ್ನೇ ಹೇಳುತ್ತೇನೆ.

ಪಂಪು ಬಂದ ದಿನ ಒಂದು ಪರೀಕ್ಷೆ ಮಾಡಿಟ್ಟರೆ ಮುಂದೆ ಬಹಳ ಅನುಕೂಲ. ಪಂಪಿನ ಬಾಯಿಗೆ ಗೇಜನ್ನಷ್ಟೇ ಹಾಕಿ, ಬೇರೇನೂ ಜೋಡಿಸದೆ, ಒಂದು ಗಂಟೆ ಓಡಿಸಿ ಬಂದ ಒತ್ತಡವನ್ನು, ಬ್ಯಾಲಸ್ಟ್ ತೆರೆದಾಗಿನದನ್ನೂ ದಿನಾಂಕ ಸಹಿತ ಪಂಪಿನ ಮೇಲೇ ಬರೆದು ಅಂಟಿಸಬೇಕು. ಮುಂದೊಂದು ದಿನ ಲೈನಿನಲ್ಲಿ ಒತ್ತಡ ಇಳಿಯದಿದ್ದರೆ ಮತ್ತೆ ಇದೇ ಪರೀಕ್ಷೆ. ಚೀಟಿಯ ಅಂಕಿ ಹಾಗೇ ಬಂದರೆ ಪಂಪು ಸರಿಯಿದೆ, ಸೋರಿಕೆಯನ್ನು ಕೊಳವೆ, ಸ್ಟಾಪ್‌ಕಾಕುಗಳಲ್ಲಿ ಹುಡುಕಬೇಕು. ಬಾರದಿದ್ದರೆ ಬ್ಯಾಲಸ್ಟ್ ತೆರೆದು ಕೆಲವು ಗಂಟೆ ಓಡಿಸಿ, ಆಗಲೂ ಬಾರದಿದ್ದರೆ ಆಯಿಲ್ ಬದಲಿಸಿ ನೋಡಬೇಕು. ಅದರಿಂದಲೂ ಆಗದಿದ್ದಾಗಷ್ಟೇ ಸರ್ವಿಸಿನವರಿಗೆ ಫೋನು.